ನ್ಯೂಜಿಲೆಂಡ್‌ನಲ್ಲಿ 24 ದಿನ, ಕ್ಯಾರವಾನ್‌ನಲ್ಲಿ ನಿಧಾನವಾಗಿ ಸುತ್ತಬೇಕು ಅಂತಿದ್ದೇವೆ: ಹೋಗಿ ಬಂದವರು ಹೇಳಿ

ಸಾಧನಕೇರಿ ಅಕ್ಕ, ಧಾರವಾಡ

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲ್ ಟೀಚರ್ ಆಗಿದ್ದೆ, ಹೋದ ವರ್ಷ ರಿಟೈರ್ ಆದೆ. ನಮ್ಮ ಮನೆಯವರು ಬ್ಯಾಂಕಿನಲ್ಲಿದ್ದರು, ಅವರದ್ದು ಮೊದಲೇ ಆಗಿದೆ. ನನಗೆ 61, ಅವರಿಗೆ 64. ಬರುವ ಫೆಬ್ರವರಿ 20ರಿಂದ ಮಾರ್ಚ್ 15ರವರೆಗೆ ನ್ಯೂಜಿಲೆಂಡ್‌ಗೆ ಹೋಗೋಣ ಅಂತ ನಿರ್ಧಾರ ಮಾಡಿದ್ದೇವೆ. ಹೋಟೆಲ್ ಬೇಡ, ಟೂರ್ ಬಸ್ಸು ಬೇಡ. ಮಲಗೋಕೆ, ಅಡುಗೆ ಮಾಡೋಕೆ ಜಾಗ ಇರೋ ಗಾಡಿ ಬಾಡಿಗೆ ಹಿಡಿದು ನಾವಿಬ್ಬರೇ ಸುತ್ತಬೇಕು.

ಯಾಕೆ ಅಂತ ಹೇಳಿಬಿಡ್ತೀನಿ. ಸಂಜೆ ಸಾಧನಕೇರಿ ದಂಡೆಯ ಮೇಲೆ ಕೂತರೆ ನನಗೆ ಏಳೋಕೆ ಮನಸ್ಸು ಬರೋದಿಲ್ಲ. ಹಾಗೆ ಅಲ್ಲಿ ಒಂದು ಕೆರೆಯ ಹತ್ತಿರ ಕೂರಬೇಕು. ಬೆಳಿಗ್ಗೆ ಯಾರೂ ಬಂದು ಬಾಗಿಲು ತಟ್ಟಬಾರದು. 34 ವರ್ಷ ಗಂಟೆ ಹೊಡೆದಾಗ ಎದ್ದಿದ್ದೇನೆ, ಇನ್ನು ಸಾಕು.

ನಮ್ಮ ಮನೆಯವರು ಒಂದು ಪಟ್ಟಿ ಮಾಡಿದ್ದಾರೆ. ಆಕ್ಲೆಂಡ್‌ನಲ್ಲಿ ಗಾಡಿ ತಗೊಂಡು, ಉತ್ತರ ದ್ವೀಪ ಮುಗಿಸಿ, ಹಡಗಿನಲ್ಲಿ ಗಾಡಿ ಸಮೇತ ದಾಟಿ, ದಕ್ಷಿಣ ದ್ವೀಪ ಪೂರ್ತಿ ಸುತ್ತಿ ಕ್ವೀನ್ಸ್‌ಟೌನ್‌ನಲ್ಲಿ ಗಾಡಿ ಬಿಡೋದು. ಒಟ್ಟು 17 ಊರು, 3,000 ಕಿಮೀ ಮೇಲೆ. ಇಷ್ಟು ಆಗುತ್ತಾ? ಲೈಸನ್ಸ್ ಏನು ಬೇಕು? ಟಾಯ್ಲೆಟ್ ವ್ಯವಸ್ಥೆ ಹೇಗಿರುತ್ತೆ? ಅಲ್ಲಿ ಹೋಗಿಯೂ ನಾನೇ ಮೂರು ಹೊತ್ತು ಒಲೆ ಮುಂದೆ ನಿಲ್ಲಬೇಕಾ? ಮುಚ್ಚುಮರೆ ಇಲ್ಲದೆ ಹೇಳಿ.

ಕೆಲಗೇರಿ ಕಾಕಾ

ತಂಗಿ, ನಾನು ನಿಮಗಿಂತ ಹತ್ತು ವರ್ಷ ದೊಡ್ಡವನು. ನಾವು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಎರಡನ್ನೂ ಟೂರ್‌ನವರ ಜೊತೆ ಹೋಗಿ ಬಂದಿದ್ದೇವೆ. ನಿಜ, ಬೆಳಿಗ್ಗೆ 6 ಗಂಟೆಗೆ ಬ್ಯಾಗು ಬಾಗಿಲ ಹೊರಗೆ ಇಡಬೇಕು. ಆದರೆ ಊಟ, ವೀಸಾ, ಗಾಡಿ, ಯಾವುದರ ಚಿಂತೆಯೂ ನಮಗಿರಲಿಲ್ಲ. ಪರದೇಶದಲ್ಲಿ ರಾತ್ರಿ ಗಾಡಿ ಕೆಟ್ಟು ನಿಂತರೆ ಇಬ್ಬರೇ ಏನು ಮಾಡ್ತೀರಿ?

ಇನ್ನೊಂದು ಮಾತು. ಅಲ್ಲಿ ಒಂದು ಊರಿನಲ್ಲಿ ಬಸ್ಸು ನಿಂತಾಗ ಇಂಥ ಗಾಡಿಯ ಒಳಗೆ ಹತ್ತಿ ನೋಡಿದೆ. ಮೆಟ್ಟಿಲು ಎತ್ತರ. ಮಲಗೋ ಜಾಗ ಡ್ರೈವರ್ ತಲೆ ಮೇಲೆ, ಏಣಿ ಹತ್ತಬೇಕು. ನಿಮ್ಮ ಕಾಕುಗೆ ಮಂಡಿ ನೋವು, ಅವರಿಂದ ಆಗ್ತಿರಲಿಲ್ಲ. ನಿಮ್ಮ ಮಂಡಿ ಹೇಗಿದೆ ಅಂತ ಮೊದಲು ನೋಡಿಕೊಳ್ಳಿ.

ವಿದ್ಯಾನಗರದವ, ಹುಬ್ಬಳ್ಳಿ

ಅಕ್ಕಾರೆ, ನಾವು 2024ರ ಫೆಬ್ರವರಿಯಲ್ಲಿ 20 ದಿನ ಹೀಗೇ ಹೋಗಿ ಬಂದೆವು. ನಾನು, ನಮ್ಮ ಮನೆಯವರು, ಇಬ್ಬರೇ. ಕಾಕಾ ಅವರು ಹೇಳಿದ ಮಂಡಿಯ ಮಾತು ತುಂಬ ಮುಖ್ಯ, ಅದನ್ನು ಕಡೆಗೆ ಹೇಳ್ತೀನಿ.

ಮೊದಲು ಪಟ್ಟಿ. ದಯವಿಟ್ಟು ಅರ್ಧ ಮಾಡಿ. ನಾನೂ ನಿಮ್ಮ ಮನೆಯವರ ಹಾಗೇ 14 ಊರು ಬರೆದುಕೊಂಡು ಹೋಗಿದ್ದೆ. ಮೊದಲ ನಾಲ್ಕು ದಿನ ನಾನು ನೋಡಿದ್ದು ಬರೀ ರಸ್ತೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ 410 ಕಿಮೀ, ಕಾರಿನಲ್ಲಿ ಏಳು ಗಂಟೆ ಅಂತ ನಮಗೆ ಅಭ್ಯಾಸ ಆಗಿದೆ. ಅಲ್ಲಿ ಆ ಲೆಕ್ಕ ನಡೆಯೋದಿಲ್ಲ. ಊರ ಹೊರಗೆ ವೇಗದ ಮಿತಿ 100 ಅಂತ ಇದ್ದರೂ 3,500 ಕೆಜಿಗಿಂತ ಭಾರದ ಗಾಡಿಗೆ 90. ಬಹಳ ಕಡೆ ಎರಡೇ ಲೇನ್, ತಿರುವು ಜಾಸ್ತಿ, ಹಳ್ಳ ಬಂದಲ್ಲಿ ಒಂದೇ ಗಾಡಿ ಹೋಗುವಷ್ಟು ಸೇತುವೆ. ಆ ಸೇತುವೆಯ ಮುಂದೆ ಬೋರ್ಡ್ ಇರುತ್ತೆ. ನಿಮ್ಮ ಕಡೆಯ ಬಾಣ ಚಿಕ್ಕದಾಗಿ ಕೆಂಪಾಗಿದ್ದರೆ ನೀವು ನಿಂತು ಎದುರಿನವರಿಗೆ ದಾರಿ ಬಿಡಬೇಕು. ಇದನ್ನು ಮೊದಲೇ ಮನೆಯಲ್ಲಿ ಕಲಿತುಕೊಂಡು ಹೋಗಿ.

ನಾಲ್ಕನೇ ದಿನ ಸಂಜೆ ಟೆಕಾಪೊ ಕೆರೆಗೆ ಬಂದೆವು. ಒಂದೇ ರಾತ್ರಿಗೆ ಅಂತ ಬುಕ್ ಮಾಡಿದ್ದೆ. ದಂಡೆಯಲ್ಲಿ 1935ರಲ್ಲಿ ಕಟ್ಟಿದ ಒಂದು ಸಣ್ಣ ಕಲ್ಲಿನ ಚರ್ಚ್ ಇದೆ. ಅದರ ಪಕ್ಕ ಕೂತಿದ್ದೆವು. ನೀರಿನ ಬಣ್ಣ ನಮ್ಮ ಕಡೆಯ ಯಾವ ಕೆರೆಯಲ್ಲೂ ಕಾಣದ್ದು, ಹಾಲು ಬೆರೆಸಿದ ನೀಲಿ. ಮೇಲಿನ ಹಿಮನದಿ ಕಲ್ಲನ್ನು ಅರೆದು ಹಿಟ್ಟು ಮಾಡಿ ನೀರಿಗೆ ಸೇರಿಸುತ್ತೆ, ಅದರಿಂದ ಆ ಬಣ್ಣ. ರಾತ್ರಿ ಗಾಡಿಯ ದೀಪ ಆರಿಸಿ ಹೊರಗೆ ಬಂದರೆ ಆಕಾಶದಲ್ಲಿ ಜಾಗವೇ ಇಲ್ಲ, ಅಷ್ಟು ಚುಕ್ಕೆ. ಆ ಇಡೀ ಪ್ರದೇಶವನ್ನು 2012ರಿಂದ ಕತ್ತಲೆ ಕಾಪಾಡುವ ಮೀಸಲು ಪ್ರದೇಶ ಅಂತ ಮಾಡಿದ್ದಾರೆ. ಊರಿನ ಬೀದಿದೀಪಗಳೂ ಕೆಳಗೆ ಮುಖ ಮಾಡಿರುತ್ತವೆ. ನಮ್ಮ ಮನೆಯವರು ಕುರ್ಚಿಯಿಂದ ಏಳಲಿಲ್ಲ. ನಾಳೆ ನಾನು ಎಲ್ಲಿಗೂ ಬರೋದಿಲ್ಲ ಅಂದರು. ನಾನು ಪಟ್ಟಿ ಮಡಚಿ ಬ್ಯಾಗಿಗೆ ಹಾಕಿದೆ. ಅಲ್ಲಿಂದ ಮುಂದಿನ ಪ್ರವಾಸವೇ ನಿಜವಾದ ಪ್ರವಾಸ.

ಹಾಗಾಗಿ ನನ್ನ ಲೆಕ್ಕ ಇಷ್ಟು: ದಿನಕ್ಕೆ 150 ಕಿಮೀ ದಾಟಬಾರದು, ಒಂದು ಊರಿಗೆ ಕನಿಷ್ಠ ಎರಡು ರಾತ್ರಿ ಕೊಡಬೇಕು. ದಾರಿಯಲ್ಲಿ ಸುಮ್ನೆ ತಂಗುವ ಒಂದೆರಡು ಊರಿಗೆ ಮಾತ್ರ ಒಂದು ರಾತ್ರಿ ಸಾಕು. 24 ದಿನಕ್ಕೆ ದಕ್ಷಿಣ ದ್ವೀಪ ಒಂದೇ ಸಾಕು, ಉಳಿಯೋದೂ ಇರುತ್ತೆ. ಉತ್ತರ ದ್ವೀಪದ ವೆಲಿಂಗ್ಟನ್‌ನಿಂದ ದಕ್ಷಿಣ ದ್ವೀಪದ ಪಿಕ್ಟನ್‌ಗೆ ಹಡಗು ಮೂರೂವರೆ ಗಂಟೆ. ಆದರೆ ಅದನ್ನು ಹಿಡಿಯೋಕೆ ಹಿಂದೆ ಮುಂದೆ ಸೇರಿ ಎರಡು ದಿನ ಹೋಗುತ್ತೆ. ಗಾಡಿಯ ಉದ್ದ ನೋಡಿ ದುಡ್ಡು ಬೇರೆ. ಸುಮ್ನೆ ಬಿಟ್ಟುಬಿಡಿ.

ಈಗ ಮಂಡಿ. ಗಾಡಿ ಬುಕ್ ಮಾಡುವಾಗ ಫೋಟೊ ನೋಡಬೇಡಿ, ಒಳಗಿನ ನಕ್ಷೆ ನೋಡಿ. ಡ್ರೈವರ್ ತಲೆ ಮೇಲಿನ ಹಾಸಿಗೆ ಮಕ್ಕಳಿಗೆ. ಹಿಂದೆ ಕೂರುವ ಸೋಫಾ ಇರುತ್ತಲ್ಲ, ಅದನ್ನೇ ರಾತ್ರಿ ಹಲಗೆ ಹಾಕಿ ಹಾಸಿಗೆ ಮಾಡಬೇಕು. ದಿನಾ ಮಾಡೋದು, ದಿನಾ ಬಿಚ್ಚೋದು. ಒಂದೊಂದು ಗಾಡಿಯಲ್ಲಿ ಕೆಳಗಡೆ ಯಾವಾಗಲೂ ಹಾಸಿರುವ ಮಂಚ ಇರುತ್ತೆ. ಬಾಡಿಗೆ ಸ್ವಲ್ಪ ಜಾಸ್ತಿ ಆದರೂ ಅದನ್ನೇ ತಗೊಳ್ಳಿ. ಒಳಗೇ ಕೂರಿಸಿದ ಟಾಯ್ಲೆಟ್, ಶವರ್ ಇರಬೇಕು.

ಗದಗ ಗ್ಯಾರೇಜ್

ನಾನು ಇಪ್ಪತ್ತು ವರ್ಷದಿಂದ ಲಾರಿ, ಬಸ್ಸು ಬಾಡಿ ಕೆಲಸ ಮಾಡ್ತೀನಿ. ನ್ಯೂಜಿಲೆಂಡ್ ನೋಡಿಲ್ಲ, ಗಾಡಿ ಮಾತ್ರ ಗೊತ್ತು. ಅದನ್ನೇ ಹೇಳ್ತೀನಿ ಅಕ್ಕಾರೆ.

ಮೊದಲು ಹೆಸರು ಸರಿ ಮಾಡಿಕೊಳ್ಳಿ. ಕ್ಯಾರವಾನ್ ಅಂದರೆ ಅಲ್ಲಿನವರಿಗೆ ಕಾರಿನ ಹಿಂದೆ ಕಟ್ಟಿ ಎಳೆಯೋದು. ನಿಮಗೆ ಬೇಕಾಗಿರೋದು ಎಂಜಿನ್ ಸಮೇತ ಒಂದೇ ಗಾಡಿ. ಅದನ್ನು ಮೋಟರ್‌ಹೋಮ್ ಇಲ್ಲ ಕ್ಯಾಂಪರ್‌ವ್ಯಾನ್ ಅಂತಾರೆ. ಹುಡುಕುವಾಗ ಆ ಹೆಸರು ಹಾಕಿ.

ಇಂಥ ಗಾಡಿ ಓಡಿಸುವಾಗ ಮೂರು ಕಡೆ ಏಟು ಬೀಳುತ್ತೆ. ತಲೆ, ಬಾಲ, ಪಕ್ಕ. ಎತ್ತರ ಮೂರು ಮೀಟರ್ ಮೇಲಿರುತ್ತೆ. ಪೆಟ್ರೋಲ್ ಬಂಕಿನ ಚಾವಣಿ, ಮರದ ಟೊಂಗೆ, ಅಂಗಡಿ ಪಾರ್ಕಿಂಗ್‌ನ ಅಡ್ಡ ಕಂಬಿ, ಇವೆಲ್ಲ ಕಾರಿನವನ ಕಣ್ಣಿಗೆ ಬೀಳೋದೇ ಇಲ್ಲ. ಒಂದು ಚೀಟಿಯಲ್ಲಿ ಎತ್ತರ ಬರೆದು ಸ್ಟೇರಿಂಗ್ ಮುಂದೆ ಅಂಟಿಸಿ. ಬಾಲ ಅಂದರೆ, ಹಿಂದಿನ ಗಾಲಿ ಆದಮೇಲೂ ಒಂದೂವರೆ ಎರಡು ಮೀಟರ್ ಬಾಡಿ ಇರುತ್ತೆ. ನೀವು ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ ಬೀಸುತ್ತೆ. ನಮ್ಮ ಬಸ್ ಸ್ಟ್ಯಾಂಡ್‌ನಲ್ಲಿ ಬಸ್ಸು ತಿರುಗುವಾಗ ಹಿಂದೆ ನಿಂತವರು ಸರಿಯೋದು ನೋಡಿದ್ದೀರಲ್ಲ, ಅದೇ. ಪಕ್ಕ ಅಂದರೆ ಗಾಳಿ. ಬಾಡಿ ಹಲಗೆಯ ಹಾಗೆ ನಿಂತಿರುತ್ತೆ, ಬಯಲಲ್ಲಿ ಗಾಳಿ ಬಡಿದರೆ ಗಾಡಿ ಸರಿಯುತ್ತೆ. ಎರಡೂ ಕೈ ಸ್ಟೇರಿಂಗ್ ಮೇಲಿರಲಿ, ವೇಗ ಇಳಿಸಿ. ತಡೆಯೋಕಾಗದಿದ್ದರೆ ಪಕ್ಕಕ್ಕೆ ಹಾಕಿ ಚಹಾ ಮಾಡಿಕೊಳ್ಳಿ, ಒಲೆ ಹೇಗೂ ಜೊತೆಗಿದೆ.

ಡೀಸೆಲ್ಲೋ ಪೆಟ್ರೋಲೋ ಅಂತ ಮುಚ್ಚಳದ ಮೇಲೆ ನೋಡಿ ಹಾಕಿಸಿ. ಅಲ್ಲಿ ಬಹಳ ಕಡೆ ನೀವೇ ಹಾಕಿಕೊಳ್ಳಬೇಕು ಅಂತ ಕೇಳಿದ್ದೇನೆ. ತಪ್ಪು ಎಣ್ಣೆ ಹಾಕಿದರೆ ಸ್ಟಾರ್ಟ್ ಮಾಡಲೇಬೇಡಿ.

ವಿದ್ಯಾನಗರದವ, ಹುಬ್ಬಳ್ಳಿ

ಅಣ್ಣಾರೆ, ಗಾಳಿಯ ಮಾತು ನೂರಕ್ಕೆ ನೂರು ನಿಜ. ಕ್ರೈಸ್ಟ್‌ಚರ್ಚ್ ಸುತ್ತಿನ ಬಯಲಿನಲ್ಲಿ ವಾಯವ್ಯದಿಂದ ಬರುವ ಬಿಸಿ ಗಾಳಿಗೆ ಹೆಸರೇ ಇದೆ. ಡೀಸೆಲ್ ಬಗ್ಗೆ ಒಂದು ಸೇರಿಸ್ತೀನಿ. ಅಲ್ಲಿ ಡೀಸೆಲ್ ಬಂಕಿನಲ್ಲಿ ಅಗ್ಗ ಕಾಣುತ್ತೆ. ಆದರೆ ಡೀಸೆಲ್ ಗಾಡಿಗೆ ಓಡಿದ ಕಿಲೋಮೀಟರ್ ಲೆಕ್ಕದಲ್ಲಿ ರಸ್ತೆ ಶುಲ್ಕ ಬೇರೆ ಇದೆ. ಬಾಡಿಗೆಯವರು ವಾಪಸ್ ಕೊಡುವಾಗ ಅದನ್ನು ವಸೂಲಿ ಮಾಡ್ತಾರೆ. ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಸಾಧನಕೇರಿ ಅಕ್ಕ, ಧಾರವಾಡ

ಇಷ್ಟು ಮನಸ್ಸು ಕೊಟ್ಟು ಬರೆದಿದ್ದೀರಿ, ಎಲ್ಲರಿಗೂ ಧನ್ಯವಾದ. ಎಲ್ಲವನ್ನೂ ನಮ್ಮ ಮನೆಯವರಿಗೆ ಓದಿ ಹೇಳಿದೆ. ಪಟ್ಟಿಯಿಂದ ಉತ್ತರ ದ್ವೀಪ ತೆಗೆಯೋಕೆ ಅವರಿಗೆ ಬಹಳ ಸಂಕಟ. ಮತ್ತೆ ಯಾವಾಗ ಹೋಗ್ತೀವಿ ಅಂತಾರೆ. ಅವರ ಮಾತೂ ತಪ್ಪಲ್ಲ. ಟಿಕೆಟ್‌ಗೇ ಅಷ್ಟು ದುಡ್ಡು ಕೊಟ್ಟು ಅರ್ಧ ದೇಶ ಬಿಟ್ಟು ಬರೋದು ಅಂದರೆ ಹೊಟ್ಟೆ ಉರಿಯುತ್ತೆ ಅಲ್ವಾ?

ಅಡುಗೆ ಮತ್ತು ಟಾಯ್ಲೆಟ್ ಬಗ್ಗೆ ಯಾರೂ ಹೇಳಲಿಲ್ಲ. ಹೆಣ್ಣುಮಕ್ಕಳು ಯಾರಾದರೂ ಹೋಗಿ ಬಂದಿದ್ದರೆ ದಯವಿಟ್ಟು ಬರೆಯಿರಿ.

ವಿದ್ಯಾನಗರದವರ ಮನೆಯಿಂದ

ಅಕ್ಕಾರೆ, ಇದು ಅವರ ಖಾತೆಯೇ, ಬರೆಯುತ್ತಿರೋದು ನಾನು. ಕುರ್ಚಿಯಿಂದ ಏಳದವಳು ನಾನೇ.

ಅಡುಗೆ ವಿಷಯ ಹೊರಡುವ ಮೊದಲೇ ಮಾತಾಡಿಕೊಳ್ಳಿ. ಅಲ್ಲಿ ಹೋಗಿ ಮಾತಾಡಿದರೆ ಜಗಳ ಆಗುತ್ತೆ, ಮತ್ತು ಆ ಗಾಡಿಯಲ್ಲಿ ಜಗಳ ಆಡಿ ಹೋಗೋಕೆ ಬೇರೆ ಕೋಣೆ ಇಲ್ಲ. ನಾವು ಹೀಗೆ ಮಾಡಿಕೊಂಡೆವು. ಬೆಳಿಗ್ಗೆ ಅವರು ಚಹಾ, ಅವಲಕ್ಕಿ ಇಲ್ಲ ಉಪ್ಪಿಟ್ಟು. ಮಧ್ಯಾಹ್ನ ಬ್ರೆಡ್ಡು, ಹಣ್ಣು, ಮೊಸರು, ಒಲೆ ಹಚ್ಚೋದೇ ಇಲ್ಲ. ರಾತ್ರಿ ಅನ್ನ ಸಾರು ಇಲ್ಲ ರೊಟ್ಟಿ ಪಲ್ಯ ನನ್ನದು, ಪಾತ್ರೆ ಅವರದ್ದು. ಮೂರು ದಿನಕ್ಕೊಮ್ಮೆ ಹೊರಗೆ ಊಟ. ಹೀಗೆ ಇದ್ದದ್ದಕ್ಕೆ ನನಗೂ ರಜೆ ಸಿಕ್ಕಿತು.

ರೊಟ್ಟಿ ಬಗ್ಗೆ ಹೇಳಲೇಬೇಕು. ಮೂರನೇ ರಾತ್ರಿ ಗಾಡಿಯೊಳಗಿನ ಗ್ಯಾಸ್ ಒಲೆಯ ಮೇಲೆ ಹಂಚಿಟ್ಟೆ. ಜೋಳದ ಹಿಟ್ಟು ಕ್ರೈಸ್ಟ್‌ಚರ್ಚ್‌ನ ಭಾರತೀಯ ಅಂಗಡಿಯಲ್ಲಿ ಸಿಕ್ಕಿತ್ತು. ಮೊದಲ ರೊಟ್ಟಿ ಬಡಿದು ಹಾಕಿ, ನೀರು ಸವರಿ, ತಿರುವಿ ಹಾಕಿದೆ. ಅಂಚು ಸ್ವಲ್ಪ ಸೀದು ಹೊಗೆ ಬಂತು. ತಕ್ಷಣ ಚಾವಣಿಯ ಹೊಗೆ ಗಂಟೆ ಕಿವಿ ಹರಿದುಹೋಗುವ ಹಾಗೆ ಕೂಗೋಕೆ ಶುರು. ಅಕ್ಕಪಕ್ಕದ ಗಾಡಿಯವರು ಓಡಿ ಬಂದರು. ನನಗೆ ನಾಚಿಕೆಯಿಂದ ಮುಖ ಎತ್ತೋಕೆ ಆಗಲಿಲ್ಲ. ಒಬ್ಬ ಅಜ್ಜಿ ಒಳಗೆ ಬಂದು ಟವಲ್ ಬೀಸಿ ಹೊಗೆ ಹೊರಗೆ ಹಾಕಿ, ಹಂಚಿನ ಮೇಲಿದ್ದ ರೊಟ್ಟಿ ನೋಡುತ್ತಾ ನಿಂತುಬಿಟ್ಟರು. ಅವರಿಗೊಂದು ಕೊಟ್ಟೆ, ಬೆಣ್ಣೆ ಸವರಿ. ಮರುದಿನ ತಮ್ಮ ಗಿಡದ ಟೊಮೆಟೊ ತಂದುಕೊಟ್ಟರು. ಆಮೇಲೆ ರೊಟ್ಟಿಯನ್ನು ಕ್ಯಾಂಪಿನ ಅಡುಗೆಮನೆಯಲ್ಲೇ ಮಾಡಿದೆ. ಇಂಥ ಗಾಡಿ ನಿಲ್ಲಿಸಿ ತಂಗೋಕೆ ಹಾಲಿಡೇ ಪಾರ್ಕ್ ಅಂತ ಇರುತ್ತವೆ. ಅಲ್ಲಿ ಎಲ್ಲರಿಗೂ ಸೇರಿ ದೊಡ್ಡ ಅಡುಗೆಮನೆ, ಬಿಸಿನೀರು, ಬಟ್ಟೆ ಒಗೆಯುವ ಯಂತ್ರ ಎಲ್ಲ ಇರುತ್ತೆ. ಕರೆಂಟ್ ಇರುವ ಜಾಗಕ್ಕೆ ಇಬ್ಬರಿಗೆ ರಾತ್ರಿಗೆ 50ರಿಂದ 80 ನ್ಯೂಜಿಲೆಂಡ್ ಡಾಲರ್ ಆಗ್ತಿತ್ತು.

ಕರೆಂಟ್ ಅಂದೆ. ಮಿಕ್ಸಿ, ಹೀಟರ್, ಕೆಟಲ್ ಇವೆಲ್ಲ ನಡೆಯೋದು ಕ್ಯಾಂಪಿನ ವೈರ್ ಚುಚ್ಚಿದಾಗ ಮಾತ್ರ. ಬೇರೆ ಹೊತ್ತಿನಲ್ಲಿ ಗಾಡಿಯ ಬ್ಯಾಟರಿಯಿಂದ ದೀಪ, ನೀರಿನ ಪಂಪು, ಫ್ರಿಜ್ ನಡೆಯುತ್ತೆ. ಅಲ್ಲಿಯೂ 230 ವೋಲ್ಟ್, ನಮ್ಮ ಸಾಮಾನು ಆಗುತ್ತೆ. ಪ್ಲಗ್‌ನ ಕಡ್ಡಿ ಮಾತ್ರ ಓರೆ, ಅಡಾಪ್ಟರ್ ಬೇಕು.

ಟಾಯ್ಲೆಟ್. ನನಗೂ ನಿಮ್ಮಷ್ಟೇ ಅಳುಕು ಇತ್ತು. ಕೆಳಗೆ ಒಂದು ಪೆಟ್ಟಿಗೆ ಇರುತ್ತೆ, ಸೂಟ್‌ಕೇಸಿನ ಹಾಗೆ. ಗಾಡಿಯ ಹೊರಗಿನ ಸಣ್ಣ ಬಾಗಿಲು ತೆಗೆದು ಎಳೆದುಕೊಳ್ಳಬೇಕು. ಗಾಲಿ, ಹಿಡಿಕೆ ಎರಡೂ ಇರುತ್ತೆ. ಡಂಪ್ ಸ್ಟೇಷನ್, ಅಂದರೆ ಕೊಳೆ ಸುರಿಯುವ ಜಾಗಕ್ಕೆ ಒಯ್ದು ಸುರಿದು, ಅಲ್ಲಿನ ನೀರಲ್ಲಿ ತೊಳೆದು, ಒಂದು ಔಷಧದ ಪೊಟ್ಟಣ ಹಾಕಿ ವಾಪಸ್ ಇಡೋದು. ಕೈಗವಸು ಹಾಕಿಕೊಳ್ಳಿ. ಇಬ್ಬರಿಗೆ ಎರಡು ದಿನಕ್ಕೊಮ್ಮೆ, ಐದು ನಿಮಿಷದ ಕೆಲಸ. ತುಂಬುವ ತನಕ ಕಾಯಬೇಡಿ, ಎತ್ತೋಕೆ ಭಾರ ಆಗುತ್ತೆ. ಹಗಲು ಕ್ಯಾಂಪಿನ ಟಾಯ್ಲೆಟ್ ಬಳಸಿ, ಗಾಡಿಯದ್ದನ್ನು ರಾತ್ರಿಗೆ ಇಟ್ಟುಕೊಳ್ಳಿ.

ನೀರು ಸುಮಾರು 100 ಲೀಟರ್ ಟ್ಯಾಂಕ್. ನಲ್ಲಿ ನೀರಿಗಾಗಿ ವಾರಗಟ್ಟಲೆ ಕಾದು, ಹಿಡಿದಿಟ್ಟು ಬಳಸಿದ ನಮ್ಮೂರಿನವರಿಗೆ ಅದು ಧಾರಾಳ. ಚೊಂಬಿನ ಲೆಕ್ಕದಲ್ಲಿ ಸ್ನಾನ ಮಾಡಿದರೆ ಮೂರು ದಿನ ಬರುತ್ತೆ.

ಹೊರಡುವ ಮುಂಚೆ ಪ್ರತಿ ಸಲ ಕಪಾಟಿನ ಚಿಲಕ ಒತ್ತಿ ನೋಡಿ. ನಾವು ಮೊದಲ ದಿನ ಮರೆತೆವು. ಮೊದಲ ವೃತ್ತದಲ್ಲೇ ಬಾಗಿಲು ತೆರೆದು ಶೇಂಗಾ ಚಟ್ನಿಪುಡಿಯ ಗಾಜಿನ ಬಾಟಲಿ ಕೆಳಗೆ ಬಿತ್ತು. 20 ದಿನಕ್ಕೆ ಅಂತ ಅತ್ತೆ ಕುಟ್ಟಿ ಕೊಟ್ಟ ಪುಡಿ. ಗಾಜು ಸೇರಿದ ಮೇಲೆ ಏನು ಮಾಡೋದು, ಎಲ್ಲ ಎಸೆದೆ. ಗಾಜಿನ ಬಾಟಲಿ ಒಂದನ್ನೂ ಒಯ್ಯಬೇಡಿ.

ಹಾವೇರಿ ಹುಡುಗ

ನಾನು ನಾಲ್ಕು ವರ್ಷ ಇಂಗ್ಲೆಂಡ್‌ನಲ್ಲಿದ್ದೆ. ಆಂಟಿ, ನಿಮ್ಮ ಮನಸ್ಸು ನ್ಯೂಜಿಲೆಂಡ್ ಮೇಲಿದೆ, ಹೋಗಿ ಬನ್ನಿ. ಆದರೂ ಓದುವ ಬೇರೆಯವರಿಗಾಗಿ ಸ್ಕಾಟ್ಲೆಂಡ್ ಹೆಸರು ಹೇಳ್ತೀನಿ. ಅಲ್ಲಿಯೂ ರಸ್ತೆಯ ಎಡಗಡೆ ಓಡಿಸೋದು, ನಮ್ಮ ಲೈಸನ್ಸ್ 12 ತಿಂಗಳು ನಡೆಯುತ್ತೆ. ಉತ್ತರದ ಕರಾವಳಿ ಸುತ್ತಿ ಬರುವ 516 ಮೈಲಿಯ ದಾರಿ ಇದೆ. ಬಹಳ ಕಡೆ ಒಂದೇ ಗಾಡಿಯ ರಸ್ತೆ, ಅಲ್ಲಲ್ಲಿ ಸರಿದು ನಿಲ್ಲೋಕೆ ಜಾಗ. ಯುರೋಪ್ ಆದರೆ ಬಲಗಡೆ ಓಡಿಸಬೇಕು. ಷೆಂಗೆನ್ ವೀಸಾದಲ್ಲಿ 180 ದಿನದೊಳಗೆ 90 ದಿನ ಮಾತ್ರ ಇರಬಹುದು. ಬ್ರಿಟನ್‌ಗೆ ಆ ವೀಸಾ ನಡೆಯೋದಿಲ್ಲ, ಬೇರೆ ಬೇಕು. ಈ ವಯಸ್ಸಿನಲ್ಲಿ ಮೊದಲ ಸಲ ಇಷ್ಟು ದೊಡ್ಡ ಗಾಡಿ, ಅದೂ ಬಲಗಡೆ, ನಾನಂತೂ ಬೇಡ ಅಂತೀನಿ.

ಗ್ಯಾರೇಜ್ ಅಣ್ಣ ಹೇಳಿದ ಎಳೆಯುವ ಕ್ಯಾರವಾನ್ ನಾನು ಗೆಳೆಯನ ಜೊತೆ ಓಡಿಸಿದ್ದೇನೆ. ಅದರ ಲೆಕ್ಕವೇ ಬೇರೆ. ಹೊಸಬರಿಗೆ ಕ್ಯಾರವಾನ್ ತೂಕ ಕಾರಿನ ತೂಕದ ನೂರಕ್ಕೆ 85 ದಾಟಬಾರದು ಅಂತ ಅಲ್ಲಿನ ಅನುಭವಸ್ಥರು ಹೇಳ್ತಾರೆ. ಭಾರದ ಸಾಮಾನು ಕೆಳಗೆ, ಗಾಲಿಯ ಅಚ್ಚಿನ ಮೇಲೆ ಬರಬೇಕು. ಹಿಂದೆ ತುಂಬಿದರೆ ಬಾಲ ಅಲ್ಲಾಡೋಕೆ ಶುರುವಾಗಿ ಕಾರನ್ನೇ ಎಳೆದಾಡುತ್ತೆ. ರಿವರ್ಸ್ ಹಾಕೋದು ನನಗೆ ಸುಲಭ ಆಯ್ತು. ಬ್ಯಾಡಗಿ ಮಾರ್ಕೆಟ್‌ಗೆ ಮೆಣಸಿನಕಾಯಿ ಚೀಲ ಹೇರಿಕೊಂಡು ಅಪ್ಪನ ಜೊತೆ ಟ್ರ್ಯಾಕ್ಟರ್ ಟ್ರೇಲರ್ ಹಿಂದೆ ಹಾಕಿ ಕಲಿತಿದ್ದೆ. ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೇಲರ್ ಬಲಕ್ಕೆ ಹೋಗುತ್ತೆ, ಅದೇ ಸೂತ್ರ. ಆ ಅಭ್ಯಾಸ ಇಲ್ಲದವರು ಎಂಜಿನ್ ಇರುವ ಗಾಡಿಯನ್ನೇ ತಗೊಳ್ಳಿ.

ನವನಗರ ಔಷಧಿ ಅಂಗಡಿ, ಹುಬ್ಬಳ್ಳಿ

ಮೇಡಂ, ಬಿಪಿ, ಶುಗರ್ ಮಾತ್ರೆ ಇದ್ದರೆ ಗಮನಿಸಿ. ನ್ಯೂಜಿಲೆಂಡ್‌ಗೆ ಮೂರು ತಿಂಗಳಿಗೆ ಆಗುವಷ್ಟು ಔಷಧ ಒಯ್ಯಬಹುದು. ಮಾತ್ರೆಗಳನ್ನು ಡಬ್ಬಿಗೆ ಬಿಡಿಸಿ ಹಾಕಬೇಡಿ, ಸ್ಟ್ರಿಪ್ಪಿನಲ್ಲೇ ಇರಲಿ. ಡಾಕ್ಟರ ಚೀಟಿ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆಸಿಕೊಳ್ಳಿ, ಕಂಪನಿಯ ಹೆಸರಿನ ಜೊತೆ ಔಷಧದ ಮೂಲ ಹೆಸರೂ ಇರಲಿ. ಅರ್ಧ ಮಾತ್ರೆ ಕೈಚೀಲದಲ್ಲಿ, ಅರ್ಧ ದೊಡ್ಡ ಬ್ಯಾಗಿನಲ್ಲಿ.

ಆ ದೇಶದಲ್ಲಿ ಒಂದು ಒಳ್ಳೆಯ ವ್ಯವಸ್ಥೆ ಇದೆ. ಅಪಘಾತದಲ್ಲಿ ಪೆಟ್ಟಾದರೆ ಪ್ರವಾಸಿಗಳ ಚಿಕಿತ್ಸೆಗೂ ಅಲ್ಲಿನ ಸರ್ಕಾರಿ ಅಪಘಾತ ಪರಿಹಾರ ನಿಧಿ ನೆರವಾಗುತ್ತೆ. 1974ರಿಂದ ಇರುವ ವ್ಯವಸ್ಥೆ ಅದು. ಆದರೆ ಎದೆನೋವು, ಜ್ವರ, ಶುಗರ್ ಏರುಪೇರು ಇವಕ್ಕೆ ಅದು ಬರೋದಿಲ್ಲ. ಹಾಗಾಗಿ ಟ್ರಾವೆಲ್ ಇನ್ಶೂರೆನ್ಸ್ ಬೇಕೇ ಬೇಕು. ಅದರ ಅರ್ಜಿಯಲ್ಲಿ ಬಿಪಿ, ಶುಗರ್ ಇದೆ ಅಂತ ಮುಚ್ಚಿಡದೆ ಬರೆಯಿರಿ. ಮುಚ್ಚಿಟ್ಟವರ ಕ್ಲೇಮ್ ತಿರಸ್ಕಾರ ಆಗಿದ್ದನ್ನು ನಮ್ಮ ಅಂಗಡಿಗೆ ಬರುವವರ ಮನೆಯಲ್ಲೇ ನೋಡಿದ್ದೇನೆ.

ವಿದ್ಯಾನಗರದವ, ಹುಬ್ಬಳ್ಳಿ

ಈಗ ಕಾಗದಪತ್ರ. ನಮ್ಮ ಪಾಸ್‌ಪೋರ್ಟ್‌ಗೆ ವಿಸಿಟರ್ ವೀಸಾ ಬೇಕು, ಅರ್ಜಿ ಆನ್‌ಲೈನ್. ಪ್ರವಾಸಿಗಳಿಗೆ ಅಂತ 100 ಡಾಲರ್ ಶುಲ್ಕ ಅದರ ಜೊತೆಗೇ ಕಟ್ಟಬೇಕು, 2024ರ ಅಕ್ಟೋಬರ್‌ನಲ್ಲಿ 35ರಿಂದ ಏರಿಸಿದ್ದಾರೆ. ವಾಪಸ್ ಬಂದೇ ಬರ್ತೀರಿ ಅಂತ ಅವರಿಗೆ ಕಾಣಬೇಕು. ಪೆನ್ಷನ್ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್, ಮನೆ ಮತ್ತು ಹೊಲದ ಉತಾರ ಇಡಿ. ಉತಾರ ಕನ್ನಡದಲ್ಲಿರುತ್ತೆ, ಅದಕ್ಕೆ ಇಂಗ್ಲಿಷ್ ಅನುವಾದ ಜೊತೆಗೆ ಬೇಕು. ಮೂರು ತಿಂಗಳು ಮುಂಚೆ ಶುರು ಮಾಡಿ.

ಲೈಸನ್ಸ್ ಕಾರ್ಡಿನಲ್ಲಿ ಇಂಗ್ಲಿಷ್ ಇದ್ದರೆ ಅದೇ ನಡೆಯುತ್ತೆ. ಆದರೂ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಳ್ಳಿ. ಶುಲ್ಕ 1,000 ರೂಪಾಯಿ, ಅವಧಿ ಒಂದು ವರ್ಷ. ಅಕ್ಕಾರೆ, ನಿಮಗೂ ಕಾರು ಓಡಿಸೋಕೆ ಬರುತ್ತೆ ಅಂದರೆ ನೀವೂ ಮಾಡಿಸಿ. ಒಬ್ಬರೇ ಓಡಿಸೋದು ಬೇಡ. ಅಲ್ಲಿ ಕಾರಿನ ಲೈಸನ್ಸ್ ಮೇಲೆ 6,000 ಕೆಜಿವರೆಗಿನ ಗಾಡಿ ಓಡಿಸಬಹುದು.

ತಿಂಡಿ ಸಾಮಾನಿನ ಬಗ್ಗೆ ಬಹಳ ಎಚ್ಚರ. ಇಳಿಯುವ ಮುಂಚೆ ತುಂಬುವ ಫಾರಂನಲ್ಲಿ ತಿನ್ನುವ ಪ್ರತಿಯೊಂದನ್ನೂ ಹೇಳಿಬಿಡಿ. ಹೇಳಿ ತೋರಿಸಿದರೆ ಬೇಡದ್ದನ್ನು ತೆಗೆದುಕೊಳ್ತಾರೆ, ಅಷ್ಟೇ. ಹೇಳದೆ ಒಂದು ಬಾಳೆಹಣ್ಣು ಬ್ಯಾಗಿನಲ್ಲಿ ಸಿಕ್ಕರೂ ಅಲ್ಲೇ 400 ಡಾಲರ್ ದಂಡ. ಒಂದು ಡಾಲರ್ ಅಂದರೆ ಸುಮಾರು 50 ರೂಪಾಯಿ, ನೀವೇ ಲೆಕ್ಕ ಹಾಕಿ. ಜೇನುತುಪ್ಪ, ಹಸಿ ಕರಿಬೇವು, ಹಣ್ಣು, ತರಕಾರಿ ಬೇಡವೇ ಬೇಡ. ಹಾಲಿನ ಪದಾರ್ಥಕ್ಕೂ ಕಟ್ಟುನಿಟ್ಟು ಇದೆ, ಪೇಡಾ ಮನೆಯಲ್ಲೇ ಬಿಡಿ. ಧಾರವಾಡದವರಿಗೆ ಈ ಮಾತು ಹೇಳೋಕೆ ನನಗೆ ಕಷ್ಟ ಆಗುತ್ತೆ. ಚಪ್ಪಲಿ, ಬೂಟಿನ ತಳದ ಮಣ್ಣೂ ತೊಳೆದಿರಬೇಕು.

ನಮಗೆ ಆದ ಒಂದು ಬೇಸರ ಹೇಳ್ತೀನಿ. ಗಾಡಿ ಕೊಡುವ ದಿನ ಹದಿನೈದು ನಿಮಿಷದಲ್ಲಿ ಎಲ್ಲ ತೋರಿಸಿ ಕಳಿಸಿದರು. ಮುಂದಿನ ಗಾಜಿನ ಮೂಲೆಯಲ್ಲಿ ಜೋಳದ ಕಾಳಿನಷ್ಟು ಕಲ್ಲೇಟು ಮೊದಲೇ ಇತ್ತು. ನಾನು ನೋಡಿದ್ದೆ, ಫೋಟೊ ತೆಗೆಯಲಿಲ್ಲ. ವಾಪಸ್ ಕೊಟ್ಟಾಗ ಅದನ್ನು ನಮ್ಮ ತಲೆಗೆ ಕಟ್ಟಿ, ಕಾರ್ಡಿನಲ್ಲಿ ಹಿಡಿದಿಟ್ಟ ಠೇವಣಿಯಿಂದ ಮುರಿದುಕೊಂಡರು. ಇವತ್ತಿಗೂ ಅದು ಮನಸ್ಸಿಗೆ ಚುಚ್ಚುತ್ತೆ. ನೀವು ಒಂದು ಗಂಟೆ ತಗೊಳ್ಳಿ. ಗಾಜು, ಚಾವಣಿ, ಟೈರು, ಒಳಗಿನ ಮೂಲೆ ಎಲ್ಲ ವಿಡಿಯೊ ಮಾಡಿ. ಗ್ಯಾಸ್ ಎಲ್ಲಿ ಬಂದ್ ಮಾಡೋದು, ನೀರು ಎಲ್ಲಿ ತುಂಬೋದು, ಕೊಳೆ ನೀರು ಎಲ್ಲಿ ಬಿಡೋದು, ನೀವೇ ನಿಮ್ಮ ಕೈಯಿಂದ ಒಂದು ಸಲ ಮಾಡಿ ತೋರಿಸಿ.

ಎಲ್ಲೆಂದರಲ್ಲಿ ರಾತ್ರಿ ನಿಲ್ಲಿಸೋಕೆ ಆಗೋದಿಲ್ಲ. ಒಳಗೇ ಕೂರಿಸಿದ ಟಾಯ್ಲೆಟ್ ಇದ್ದು, ಪ್ರಮಾಣಪತ್ರದ ಹಸಿರು ಕಾರ್ಡ್ ಅಂಟಿಸಿದ ಗಾಡಿಗೆ ಕೆಲವು ಕಡೆ ಪುಕ್ಕಟೆ ಜಾಗ ಇದೆ. ಅದೂ ಆ ಊರಿನ ನಿಯಮ ನೋಡಿ. ನನಗೆ ಇಷ್ಟವಾದದ್ದು ಅರಣ್ಯ, ಪರಿಸರ ನೋಡಿಕೊಳ್ಳುವ ಸರ್ಕಾರಿ ಇಲಾಖೆಯ ಕ್ಯಾಂಪುಗಳು. ಮೌಂಟ್ ಕುಕ್ ಬುಡದಲ್ಲಿ ವೈಟ್ ಹಾರ್ಸ್ ಹಿಲ್ ಅಂತ ಒಂದಿದೆ. ಕರೆಂಟ್ ಇಲ್ಲ, ಅಂಗಡಿ ಇಲ್ಲ. ಗಾಡಿ ಬಾಗಿಲು ತೆರೆದರೆ ಎದುರಿಗೆ ಹಿಮ. ಅಲ್ಲಿಂದ ಕಿಯಾ ಪಾಯಿಂಟ್ ಅಂತ ಒಂದು ಕಾಲುದಾರಿ, ಹೋಗಿ ಬರೋಕೆ ಒಂದು ಗಂಟೆ, ನಿಮ್ಮ ವಯಸ್ಸಿಗೆ ಏನೂ ಕಷ್ಟ ಇಲ್ಲ.

ಸಾಧನಕೇರಿ ಅಕ್ಕ, ಧಾರವಾಡ

ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ಮನೆಯಲ್ಲಿ ಚರ್ಚೆ ಆಗಿ ಆಗಿ ಒಂದು ಹಂತಕ್ಕೆ ಬಂತು. ಉತ್ತರ ದ್ವೀಪ ಬಿಟ್ಟೆವು. ಹೇಗೆ ಒಪ್ಪಿದರು ಅಂದರೆ, ನಾನು ಅವರ ಪಟ್ಟಿಯ ಪ್ರತಿ ದಿನದ ಮುಂದೆ ಆ ದಿನ ಎಷ್ಟು ಗಂಟೆ ಗಾಡಿಯಲ್ಲಿ, ಎಷ್ಟು ಗಂಟೆ ಕೆಳಗೆ ಅಂತ ಬರೆದು ಕೊಟ್ಟೆ. ಒಂಬತ್ತು ದಿನ ಗಾಡಿಯ ಗಂಟೆಯೇ ಜಾಸ್ತಿ ಬಂತು. ಅವರೇ ಪೆನ್ನು ತಗೊಂಡು ಹೊಡೆದು ಹಾಕಿದರು.

ಈಗಿನ ಯೋಜನೆ ಹೀಗಿದೆ. ಬೆಂಗಳೂರಿನಿಂದ ಸಿಂಗಪುರ ಮೇಲೆ ಕ್ರೈಸ್ಟ್‌ಚರ್ಚ್. ಇಳಿದ ದಿನ ಹೋಟೆಲ್‌ನಲ್ಲಿ ನಿದ್ದೆ, ಗಾಡಿ ಮರುದಿನ. ಜೆರಾಲ್ಡೀನ್ ಒಂದು ರಾತ್ರಿ. ಟೆಕಾಪೊ ಮೂರು, ಮೌಂಟ್ ಕುಕ್ ಎರಡು, ವಾನಕಾ ನಾಲ್ಕು, ಟೆ ಆನೌ ನಾಲ್ಕು. ಗೋರ್‌ನಲ್ಲಿ ಒಂದು ರಾತ್ರಿ ತಂಗಿ ಡನೀಡನ್ ಮೂರು, ಓಮರು ಎರಡು, ಕಡೆಗೆ ಕ್ರೈಸ್ಟ್‌ಚರ್ಚ್ ಎರಡು. 23 ರಾತ್ರಿ, ಸುಮಾರು 1,500 ಕಿಮೀ. ಓಮರುದಲ್ಲಿ ಸಂಜೆ ಸಣ್ಣ ನೀಲಿ ಪೆಂಗ್ವಿನ್‌ಗಳು ಸಮುದ್ರದಿಂದ ದಡಕ್ಕೆ ನಡೆದು ಬರ್ತಾವಂತೆ. ಅದು ಮಾತ್ರ ನನ್ನ ಆಯ್ಕೆ, ಯಾರು ಹೇಳಿದರೂ ಬಿಡೋದಿಲ್ಲ.

ವಿದ್ಯಾನಗರದವ, ಹುಬ್ಬಳ್ಳಿ

ಬಹಳ ಚಂದ ಆಗಿದೆ. ಮೂರು ಮಾತು ಸೇರಿಸ್ತೀನಿ. ವಾನಕಾದಿಂದ ಟೆ ಆನೌ ಒಂದೇ ದಿನಕ್ಕೆ 230 ಕಿಮೀ ಮೇಲೆ. ಕ್ರೌನ್ ರೇಂಜ್ ಘಟ್ಟ ಹತ್ತಬೇಡಿ, ಕ್ರಾಮ್‌ವೆಲ್ ಮೇಲೆ ಹೋಗಿ. ಬೆಳಿಗ್ಗೆ ಹೊರಟು ಮಧ್ಯಾಹ್ನ ಕ್ವೀನ್ಸ್‌ಟೌನ್ ಕೆರೆಯ ದಂಡೆಯಲ್ಲಿ ಊಟ ಮಾಡಿ.

ಟೆ ಆನೌದಿಂದ ಮಿಲ್ಫರ್ಡ್ ಸೌಂಡ್ ಅನ್ನೋ ಸಮುದ್ರದ ಕೊಲ್ಲಿಗೆ 118 ಕಿಮೀ ಇದೆ. ಅಲ್ಲಿಗೆ ನಿಮ್ಮ ಗಾಡಿ ಒಯ್ಯಬೇಡಿ, ಬಸ್ಸಿನಲ್ಲಿ ಹೋಗಿ. ಇಳಿಜಾರು, ತಿರುವು, ನಡುವೆ 1954ರಲ್ಲಿ ತೆರೆದ ಹೋಮರ್ ಸುರಂಗ. ಓಡಿಸುವವರು ಏನೂ ನೋಡೋಕೆ ಆಗೋದಿಲ್ಲ. ನಾನು ಓಡಿಸಿದೆ, ನಮ್ಮ ಮನೆಯವರು ನೋಡಿದ ಅರ್ಧದಷ್ಟು ಜಲಪಾತ ನಾನು ನೋಡಲಿಲ್ಲ. ಮಳೆ ಅಂತ ಬೇಸರ ಬೇಡ. ವರ್ಷಕ್ಕೆ 6,000 ಮಿಮೀ ಮೇಲೆ ಬೀಳುವ ಜಾಗ ಅದು, ನಮ್ಮ ಆಗುಂಬೆ ಇದ್ದ ಹಾಗೆ. ಮಳೆ ಬಂದಾಗಲೇ ಬಂಡೆಗಳ ಮೇಲಿಂದ ನೂರಾರು ಕಡೆ ನೀರು ಬೀಳುತ್ತೆ. ಮೈಗೆ ಹಚ್ಚುವ ಎಣ್ಣೆ ಒಯ್ಯಿರಿ, ನೊರಜಿನಂಥ ಸಣ್ಣ ಕಪ್ಪು ನೊಣ ಕಚ್ಚಿದರೆ ವಾರ ತುರಿಕೆ. ಸುರಂಗದ ಬಾಯಲ್ಲಿ ಕಿಯಾ ಅಂತ ಹಸಿರು ಗಿಳಿಗಳು ಬರುತ್ತವೆ. ಅವಕ್ಕೆ ತಿನ್ನೋಕೆ ಏನೂ ಹಾಕಬಾರದು. ಗಾಡಿಯ ರಬ್ಬರ್ ಕಿತ್ತುಹಾಕುತ್ತವೆ.

ಮೂರನೆಯದು, ಹೋಗುವ ಮುಂಚೆ ಇಲ್ಲೇ ಒಮ್ಮೆ ಪರೀಕ್ಷೆ ಮಾಡಿ. ಬೆಂಗಳೂರಿನಲ್ಲಿ ಇಂಥ ಗಾಡಿ ಬಾಡಿಗೆಗೆ ಸಿಗುತ್ತೆ, ಸಾಮಾನ್ಯವಾಗಿ ಡ್ರೈವರ್ ಜೊತೆ. ದಾಂಡೇಲಿ ಕಡೆ ಎರಡು ರಾತ್ರಿ ಮಲಗಿ ನೋಡಿ. ಮಂಡಿ, ನಿದ್ದೆ, ಟಾಯ್ಲೆಟ್ ಎಲ್ಲದಕ್ಕೂ ಉತ್ತರ ಅಲ್ಲೇ ಸಿಗುತ್ತೆ.

ಕೆಲಗೇರಿ ಕಾಕಾ

ತಂಗಿ, ಈ ಪಟ್ಟಿ ಓದಿ ನನಗೂ ಆಸೆ ಆಯ್ತು. ನಾವು ಟೆಕಾಪೊದಲ್ಲಿ ಇಳಿದದ್ದು ಇಪ್ಪತ್ತೇ ನಿಮಿಷ. ಆ ಚರ್ಚಿನ ಮುಂದೆ ಫೋಟೊ ತೆಗೆದು ಬಸ್ಸು ಹತ್ತಿದೆವು. ನೀವು ಅಲ್ಲಿ ಮೂರು ರಾತ್ರಿ ಇರ್ತೀರಿ. ನಮ್ಮ ಪಾಲಿನ ಚುಕ್ಕೆಗಳನ್ನೂ ನೋಡಿ ಬನ್ನಿ.

ಸಾಧನಕೇರಿ ಅಕ್ಕ, ಧಾರವಾಡ

ಕಾಕಾ, ನೋಡಿ ಬಂದು ಮನೆಗೇ ಬಂದು ಹೇಳ್ತೀನಿ.

ದಾಂಡೇಲಿಗೆ ಮುಂದಿನ ತಿಂಗಳು ಗಾಡಿ ಹೇಳಿದ್ದೇವೆ. ಇವತ್ತು ಇಬ್ಬರೂ ಆರ್‌ಟಿಒಗೆ ಹೋಗಿ ವಿಚಾರಿಸಿ ಬಂದೆವು. ಬರುವಾಗ ಸುಭಾಸ ರಸ್ತೆಯಲ್ಲಿ ಒಂದು ಸಣ್ಣ ಕಬ್ಬಿಣದ ಹಂಚು ಕೊಂಡೆ, ತೂಕ ಒಂದು ಕೆಜಿ ಒಳಗೆ. ವಿದ್ಯಾನಗರದ ತಂಗಿ, ಚಟ್ನಿಪುಡಿಗೆ ಸ್ಟೀಲ್ ಡಬ್ಬಿ ಸಾಕಾ, ಅಥವಾ ಪ್ಯಾಕೆಟ್ ಸೀಲ್ ಮಾಡಿಸಬೇಕಾ?

ವಿದ್ಯಾನಗರದವರ ಮನೆಯಿಂದ

ಪ್ಯಾಕೆಟ್ ಸೀಲ್ ಮಾಡಿಸಿ, ಮೇಲೆ ಇಂಗ್ಲಿಷಿನಲ್ಲಿ ಏನೇನು ಹಾಕಿದೆ ಅಂತ ಚೀಟಿ ಅಂಟಿಸಿ, ಫಾರಂನಲ್ಲಿ ಬರೆಯಿರಿ. ಸ್ಟೀಲ್ ಡಬ್ಬಿ ಖಾಲಿ ಒಯ್ಯಿರಿ, ಗಾಡಿ ಸಿಕ್ಕಮೇಲೆ ಅದಕ್ಕೆ ಸುರಿದುಕೊಂಡರಾಯ್ತು. ಹಂಚನ್ನು ಕೈಚೀಲದಲ್ಲಿ ಇಡಬೇಡಿ ಅಕ್ಕಾರೆ, ದೊಡ್ಡ ಬ್ಯಾಗಿನ ತಳಕ್ಕೆ, ಸೀರೆಯ ಮಡಿಕೆಯೊಳಗೆ.